ಹಾಕಿ ಮ್ಯಾಚಿಗಿ ಕಾಮೆಂಟ್ರಿ ಹೇಳೋದು ಹ್ಯಾಂಗ: ಟಿವಿದಾಗಿನ ಚೊಲೊ ಮಂದಿಂದ ಕಲಿಯೋದು, ಬೇಕಾರ್ ಮಂದಿಂದ ಬಿಡೋದು

ನಮ್ಮ ಕಲಬುರಗಿ, ಬೀದರ್, ಯಾದಗಿರಿ ಕಡಿ ಸಾಲಿ ಕಾಲೇಜಿನ ಹಾಕಿ ಟೂರ್ನಮೆಂಟ್ ಇಟ್ರಂದ್ರ ಮೈಕ್ ಯಾರ ಕೈಗಿ ಹೋಗ್ತದ ಅಂತ ಎಲ್ರಿಗೂ ಗೊತ್ತದ. ಟೆನಿಸ್ ಬಾಲ್ ಕ್ರಿಕೆಟಿಗಿ ಕಾಮೆಂಟ್ರಿ ಹೇಳಿ ಹೆಸರು ಮಾಡಿದಾಂವ ಒಬ್ಬ ಇರ್ತಾನ, ಅವನಿಗೇ ಕರ್ಕೊಂಡ್ ಬಂದು ಶಾಮಿಯಾನದ ಕೆಳಗ ಕೂಡಸ್ತಾರ. ಅಂವ ಕ್ರಿಕೆಟ್ನಾಗ ಖರೇನೇ ಹುಷಾರ್, ಒಂದು ಬಾಲ್ ಆಗಿ ಇನ್ನೊಂದು ಬಾಲ್ ಬರೋದ್ರಾಗ ಶಾಯರಿ ಹೇಳ್ತಾನ, ಬ್ಯಾಟ್ಸ್‌ಮನ್ ಯಾವೂರಾಂವ ಅಂತ ಹೇಳ್ತಾನ, ಚಹಾ ಕೊಟ್ಟವ್ರಿಗಿ ಥ್ಯಾಂಕ್ಸ್ ಹೇಳ್ತಾನ. ಹಾಕಿಯೊಳಗ ಆ ನಡುವಿನ ಟೈಮೇ ಇರಂಗಿಲ್ಲ. ಶಾಯರಿ ಎರಡನೇ ಸಾಲಿಗಿ ಬರೋದ್ರಾಗ ಈ ಕಡಿ ಇದ್ದ ಬಾಲ್ ಆ ಕಡಿ ಗೋಲ್‌ದಾಗ ಬಿದ್ದಿರ್ತದ, ಹಾಕಿದ್ ಹುಡುಗ ಯಾರಪಾ ಅಂತ ಬಾಜೂದವ್ರಿಗಿ ಕೇಳ್ತಿರ್ತಾನ, ಅದೂ ಮೈಕಿನಾಗೇ ಕೇಳಸ್ತಿರ್ತದ.

ಮುಂದಿನ ಸಲ ಆ ಮೈಕ್ ನಿಮ್ಮ ಕೈಗಿ ಬಂದ್ರ ಏನ್ ಮಾಡ್ಬೇಕು ಅಂತ ಇಲ್ಲಿ ಬರೀಲಾಕತ್ತೀನಿ. ಇದನ್ನ ಕಲಿಸ್ಲಾಕ ಯಾವ ಸಾಲಿನೂ ಇಲ್ಲ ಖರೆ, ಆದ್ರ ಟಿವಿ ಮುಂದ ಕುಂತು ಹಾಕಿ ನೋಡೋ ಮಂದಿ ಯಾರಿಗಿ ಹೊಗಳ್ತಾರ, ಯಾರ್ ಬಂದ್ ಕೂಡ್ಲೇ ರಿಮೋಟ್ ಹುಡುಕ್ತಾರ ಅಂತ ನೋಡಿದ್ರ ಅದೇ ಅರ್ಧ ಕಲ್ಸತದ. ಇಲ್ಲಿ ನಮ್ಮ ಟರ್ಫ್ ಹಾಕಿಗೂ, ಅತ್ತಾಗ ಕೆನಡಾ ಅಮೆರಿಕಾದ ಐಸ್ ಹಾಕಿಗೂ ಫ್ಯಾನ್ಸ್ ಜಗಳ ಆಡೋದು ಅದೇ ನಾಕು ವಿಷಯಕ್ಕ. (ಕಲಬುರಗಿ ಬ್ಯಾಸಿಗಿದಾಗ ಕುಂತು ಐಸ್ ಹಾಕಿ ಬಗ್ಗಿ ಮಾತಾಡೋದು ನಗಿ ಬರೋ ಮಾತೇ, ಆದ್ರ ಕಾಮೆಂಟ್ರಿ ವಿಷಯದಾಗ ಅವ್ರು ಭಾಳ ಮುಂದ ಅದಾರ, ಪಕ್, ಅಂದ್ರ ಬಾಲಿನ ಬದಲಿ ಐಸ್ ಮ್ಯಾಲ ಓಡೋ ಬಿಲ್ಲಿ, ಅಷ್ಟು ಸಣ್ಣದು, ಅಷ್ಟು ಜೋರ್ ಓಡ್ತದ, ಹೇಳಾಂವ ಸರಿ ಇರ್ಲಿಲ್ಲಂದ್ರ ಟಿವಿದಾಗ ನೋಡಾಂವಗ ಏನೂ ತಿಳಿಯಂಗಿಲ್ಲ.)

ಮೊದಲು ಬಾಲ್ ಎಲ್ಲದ ಅಂತ ಹೇಳ್ರಿ

ಉಳಿದಿದ್ದೆಲ್ಲಾ ಮರ್ತ್ರೂ ನಡೀತದ, ಇದೊಂದು ಮರೀಬ್ಯಾಡ್ರಿ. ಬಾಲ್ ಎಲ್ಲದ, ಯಾರ ಹತ್ರ ಅದ, ಯಾವ ಕಡಿ ಹೊಂಟದ. ಇದು ಮೊದಲು, ಹೆಸರು ಆಮ್ಯಾಲ, ನಿಮ್ಮ ಅಭಿಪ್ರಾಯ ಎಲ್ಲಾದ್ರ ಕಡೀಕ.

ನಮ್ಮ ದೇಶದಾಗ ಹಾಕಿ ಕಾಮೆಂಟ್ರಿ ಅಂದ್ರ ಹಳೇ ಮಂದಿ ಇವತ್ತಿಗೂ ಜಸ್ದೇವ್ ಸಿಂಗ್ ಹೆಸರು ತಗೋತಾರ. 1975ರ ವರ್ಲ್ಡ್ ಕಪ್ ಫೈನಲ್, ಮಾರ್ಚ್ 15, ಕೌಲಾಲಂಪುರ, ಎದುರಿಗಿ ಪಾಕಿಸ್ತಾನ. ನಮ್ಮಲ್ಲಿ ಮಂದಿ ಅದನ್ನ ನೋಡ್ಲಿಲ್ಲ, ರೇಡಿಯೋದಾಗ ಕೇಳಿದ್ರು. ಮೊದಲು ಪಾಕಿಸ್ತಾನದ ಗೋಲ್, ಆಮ್ಯಾಲ ಪೆನಾಲ್ಟಿ ಕಾರ್ನರ್‌ದಾಗ ಸುರ್ಜಿತ್ ಸಿಂಗ್ ಸರಿಸಮ ಮಾಡ್ದಾ, ಆಮ್ಯಾಲ ಅಶೋಕ್ ಕುಮಾರ್, ಅಂದ್ರ ಧ್ಯಾನ್ ಚಂದ್ ಅವ್ರ ಮಗ, ಹೊಡ್ದದ್ದು ಪೋಸ್ಟಿಗಿ ಒಳಗಿನ ಬಾಜೂ ಬಡದು ಹೊರಗ ಬಂತು. ಅಂಪೈರ್ ಗೋಲ್ ಅಂದ್ರು, ಪಾಕಿಸ್ತಾನದವ್ರು ಅಲ್ಲ ಅಂತ ಜಗಳ ತಗದ್ರು, 2-1ಕ್ಕ ನಾವು ಗೆದ್ವಿ. ಈಗ ನೀವೇ ವಿಚಾರ ಮಾಡ್ರಿ, ರೀಪ್ಲೇ ಇಲ್ಲ, ವಿಡಿಯೋ ಅಂಪೈರ್ ಇಲ್ಲ, ಕೇಳೋ ಮಂದಿಗಿ ಕಣ್ಣಿನಾಗ ಏನೂ ಇಲ್ಲ, ಒಬ್ಬನ ಬಾಯಿ ಮ್ಯಾಲೇ ಎಲ್ಲಾ ನಿಂತದ. ಅಂಥಾ ಮ್ಯಾಚ್ ಹಳ್ಳಿ ಹಳ್ಳಿಗಿ ಮುಟ್ಟಿಸಿದ್ರು ಅಂತೇ ಅವ್ರ ಹೆಸರು ಉಳದದ. ಮಾತಿನ ವೇಗ ಬಾಲಿನ ವೇಗಕ್ಕ ಸರಿಯಾಗಿ ಏರ್ತಿತ್ತು, ಇಳೀತಿತ್ತು. 1985ರಾಗ ಪದ್ಮಶ್ರೀ, 2008ರಾಗ ಪದ್ಮಭೂಷಣ ಬಂತು, 2018ರಾಗ ತೀರ್ಕೊಂಡ್ರು.

ಟಿವಿ ಬಂದ ಮ್ಯಾಲ ಏನಾತಂದ್ರ, ಬಾಲ್ ಹ್ಯಾಂಗೂ ಕಾಣಸ್ತದಲ್ಲ ಅಂತ ಹೇಳೋರು ಸಡಿಲ ಬಿಟ್ರು. ಹುಡುಗಿ ಬಾಲ್ ತಗೊಂಡು ಬಲಗಡಿ ದಂಡಿ ಹಿಡದು ಓಡ್ಲಾಕತ್ತಾಳ, ಇವ್ರು ಮ್ಯಾಲ ಕುಂತು ಹೋದ ತಿಂಗಳ ಟೂರಿನ ಕತಿ ಹೇಳ್ಲಾಕತ್ತಾರ. ಫ್ಯಾನ್ಸ್‌ಗಿ ಸಿಟ್ಟು ಬರೋದು ಇಲ್ಲೇ. ಹಾಕಿ ಬೈಗುಳದಾಗ ಅರ್ಧಕ್ಕರ್ಧ ಇದೇ ಇರ್ತದ: ಆಟ ಒಂದು ಕಡಿ, ಮಾತು ಇನ್ನೊಂದು ಕಡಿ.

ಪ್ರಾಕ್ಟೀಸ್ ಹ್ಯಾಂಗ ಮಾಡ್ಬೇಕಂದ್ರ, ಫೋನಿನಾಗ ಇಲ್ಲಾ ಟಿವಿದಾಗ ಹಳೇ ಮ್ಯಾಚ್ ಒಂದು ಹಚ್ರಿ, ಸೌಂಡ್ ಪೂರಾ ಬಂದ್ ಮಾಡ್ರಿ, ಒಂದು ಕ್ವಾರ್ಟರ್ ಅಂದ್ರ 15 ನಿಮಿಷ ನೀವೇ ಹೇಳ್ರಿ. ಮನಿಯಾಗ ಯಾರನ್ನರ ಟಿವಿ ಕಡಿ ಬೆನ್ನು ಮಾಡಿ ಕೂಡಸ್ರಿ, ಅಜ್ಜ ಇರ್ಲಿ, ತಮ್ಮ ಇರ್ಲಿ, ಹಾಕಿ ಗೊತ್ತಿರದವ್ರೇ ಆದ್ರ ಇನ್ನೂ ಚೊಲೊ. ನಡುನಡುವ ಮ್ಯಾಚ್ ನಿಲ್ಸಿ ಕೇಳ್ರಿ, ಈಗ ಬಾಲ್ ಎಲ್ಲದ? ಅವ್ರಿಗಿ ಹೇಳ್ಲಾಕ ಬಂದ್ರ ನೀವು ಪಾಸ್. ಬರ್ಲಿಲ್ಲಂದ್ರ ನಿಮ್ಮ ಶಬ್ದ ಎಷ್ಟೇ ಚಂದ ಇದ್ರೂ ಫಾಲ್ತು. ಮೊದಮೊದಲು 5 ನಿಮಿಷಕ್ಕೇ ಗಂಟಲು ಒಣಗ್ತದ, ಉಸಿರು ಹತ್ತತದ, ಅದಕ್ಕ ಅಂಜಬ್ಯಾಡ್ರಿ, ಎಲ್ಲಿ ಉಸಿರು ತಗೋಬೇಕು ಅಂತ ಆಟಾನೇ ಕಲ್ಸತದ: ಬಾಲ್ ದಂಡಿ ದಾಟಿ ಹೊರಗ ಹೋದಾಗ, ಅಂಪೈರ್ ಸೀಟಿ ಊದಿದಾಗ, ಹಿಂದಿನ ಡಿಫೆಂಡರ್‌ಗಳು ತಮ್ಮ ತಮ್ಮಾಗೇ ಬಾಲ್ ಕೊಟ್ಟು ತಗೊಂಡು ಮಾಡುವಾಗ.

ಮೈದಾನಕ್ಕ ನಿಮ್ಮದೇ ಗುರ್ತು ಹಚ್ಚಿಕೊಳ್ರಿ

ಹಾಕಿ ಮೈದಾನ 91.4 ಮೀಟರ್ ಉದ್ದ, 55 ಮೀಟರ್ ಅಗಲ. ನಡುವ ಒಂದು ಗೆರಿ, ಎರಡೂ ಕಡಿ 23 ಮೀಟರ್ ಗೆರಿ, ಗೋಲ್ ಮುಂದ ಅರ್ಧ ವೃತ್ತದಂಗಿರೋ ಡಿ. ಟಿವಿದವ್ರು ಎಡ ಬಲ ಅಂದ್ರ ನಡೀತದ, ಕ್ಯಾಮೆರಾ ಒಂದೇ ಕಡಿ ಇರ್ತದ. ನಮ್ಮ ಸಾಲಿ ಮೈದಾನದಾಗ ಮಂದಿ ನಾಕೂ ಕಡಿ ನಿಂತಿರ್ತಾರ, ನಿಮ್ಮ ಎಡ ಎದುರಿನವನ ಬಲ. ಅದಕ್ಕ ಎಡ ಬಲ ಬಿಟ್ಟು ಕಣ್ಣಿಗಿ ಕಾಣೋ ಗುರ್ತು ಹೇಳ್ರಿ, ಬೇವಿನ ಗಿಡದ ಕಡಿ ಗೋಲ್, ನೀರಿನ ಟ್ಯಾಂಕಿ ಕಡಿ ಗೋಲ್, ರೋಡಿನ ದಂಡಿ, ಶಾಮಿಯಾನದ ದಂಡಿ. ಮ್ಯಾಚ್ ಶುರು ಆಗೂಕಿಂತ ಮೊದಲೇ ಒಂದು ಸಲ ಮೈಕಿನಾಗ ಹೇಳಿಬಿಡ್ರಿ, ಯಾವ ಟೀಮ್ ಯಾವ ಗುರ್ತಿನ ಕಡಿ ಗೋಲ್ ಹೊಡೀಲಾಕತ್ತದ ಅಂತ. ಹಾಫ್ ಟೈಮ್ ಆದ ಮ್ಯಾಲ ಕಡಿ ಬದಲಾಗ್ತದ, ಆಗ ಹೊಳ್ಳಿ ಹೇಳ್ರಿ. ಕಲಬುರಗಿ ಚಂದ್ರಶೇಖರ ಪಾಟೀಲ ಸ್ಟೇಡಿಯಂ ಇರ್ಲಿ, ಬೀದರ್ ನೆಹರೂ ಸ್ಟೇಡಿಯಂ ಇರ್ಲಿ, ಎಲ್ಲೇ ಹೋದ್ರೂ ಅರ್ಧ ತಾಸು ಮೊದಲೇ ಹೋಗಿ ಮೈದಾನ ಒಂದು ಸುತ್ತು ತಿರಗಿ ಬರ್ರಿ.

ಹೆಸರಿನ ಚೀಟಿ ಮೊದಲೇ ತಗೋಬೇಕು. ಪಿಟಿ ಮಾಸ್ತರ್ ಹತ್ರ ಹೋಗಿ ನಂಬರ್ ಹೆಸರು ಎರಡೂ ಬರಕೊಳ್ರಿ, ಮತ್ತ ಹುಡುಗರಿಗೇ ಕೇಳ್ರಿ ನಿನಗ ಎಲ್ರೂ ಏನಂತ ಕರೀತಾರ ಅಂತ, ರಜಿಸ್ಟರ್‌ದಾಗಿನ ಉದ್ದ ಹೆಸರು ಹೇಳೋದ್ರಾಗ ಬಾಲ್ ಮೂರು ಮಂದಿ ಕೈ ದಾಟಿರ್ತದ. ಒಂದೇ ಹೆಸರಿನವ್ರು ಇಬ್ರಿದ್ರ ನಂಬರ್ ಸೇರಸ್ರಿ. ಟಿವಿದಾಗ ನಮ್ಮ ನ್ಯಾಷನಲ್ ಟೀಮ್‌ದಾಗ ಅರ್ಧ ಮಂದಿ ಸಿಂಗ್ ಅದಾರ, ಅದಕ್ಕೇ ಚೊಲೊ ಕಾಮೆಂಟೇಟರ್ ಹರ್ಮನ್‌ಪ್ರೀತ್, ಮನ್‌ದೀಪ್, ಹಾರ್ದಿಕ್ ಅಂತ ಮೊದಲ ಹೆಸರೇ ಹಿಡೀತಾರ. ಬಾಲ್ ಹತ್ರ ಇರೋ ಹುಡುಗ ಯಾರಂತ ಗುರ್ತು ಸಿಗ್ಲಿಲ್ಲಾ? ಸುಳ್ಳು ಹೆಸರು ಹೇಳಬ್ಯಾಡ್ರಿ, ಅವರವ್ವ ಅಪ್ಪ ಅಲ್ಲೇ ನಿಂತಿರ್ತಾರ. ಬಿಳೀ ಅಂಗಿ ಟೀಮಿನ ಹುಡುಗ ಅಂದ್ರ ಸಾಕು.

ಒಂದೇ ಮಾತು ಹೊಳ್ಳಿ ಹೊಳ್ಳಿ ಹೇಳಬ್ಯಾಡ್ರಿ

ಅಮೆರಿಕಾದ ಐಸ್ ಹಾಕಿ ಟಿವಿದಾಗ ಮೈಕ್ ಎಮ್ರಿಕ್ ಅಂತ ಒಬ್ರಿದ್ರು, ಮಂದಿ ಡಾಕ್ ಅಂತ ಕರೀತಿದ್ರು, 2020ರಾಗ ರಿಟೈರ್ ಆದ್ರು. ಅಲ್ಲಿನ ಫ್ಯಾನ್ಸ್‌ಗಿ ಎಲ್ಲಾದ್ರಕಿಂತ ಯಾರು ಚೊಲೊ ಅಂತ ಕೇಳಿದ್ರ ಭಾಳ ಮಂದಿ ಇವ್ರ ಹೆಸರು ಹೇಳ್ತಾರ. ಯಾಕಂದ್ರ ಪಕ್ ಒಬ್ಬನಿಂದ ಒಬ್ಬನಿಗಿ ಹೋಗೋದನ್ನ ಹೇಳ್ಲಾಕ ಅವ್ರ ಹತ್ರ ಕ್ರಿಯಾಪದಗಳ ರಾಶಿನೇ ಇತ್ತು, ಒಂದು ಪಾಸ್‌ಗಿ ಒಂದು ಮಾತು, ಇನ್ನೊಂದಕ್ಕ ಇನ್ನೊಂದು. ಹಂಗಂತ ಇಷ್ಟ ಪಡದವ್ರೂ ಅದಾರ, ಇದೇನ್ ಡಿಕ್ಷನರಿ ಓದ್ಲಾಕತ್ತಾನೇನು ಅಂತ.

ಈ ವಿಷಯದಾಗ ನಮಗ ಯಾರ ಹತ್ರಾನೂ ಸಾಲ ಕೇಳೋ ಪಾಳಿ ಇಲ್ಲ. ತಳ್ಳಿದ, ನೂಕಿದ, ಸರಿಸಿದ, ಜಾರಿಸಿದ, ಬೀಸಿ ಹೊಡ್ದ, ಎತ್ತಿ ಒಗದ, ಕಸ್ಕೊಂಡ, ಅಡ್ಡ ಹಾಕ್ದ, ತಡದ, ಹೊಳ್ಳಿ ಕೊಟ್ಟ, ನುಗ್ಗಿದ, ಹೊಕ್ಕ, ಬಗಲಾಗಿಂದ ತಗದ, ಕಾಲ್ ಸಂದಿನಾಗಿಂದ ದಾಟ್ಸಿದ, ಹಿಂದ ಎಳ್ಕೊಂಡ, ಸುತ್ತು ಹಾಕಿ ಬಂದ. ಇವೆಲ್ಲಾ ಮನಿಯಾಗ ದಿನಾ ಆಡೋ ಮಾತೇ. ಇಷ್ಟಿದ್ರೂ ಮೈಕ್ ಹಿಡದ್ ಕೂಡ್ಲೇ ನಮ್ಮ ಹುಡುಗರು "ಪಾಸ್ ಮಾಡಿದ್ದಾರೆ, ಪಾಸ್ ಮಾಡಿದ್ದಾರೆ, ಪಾಸ್ ಮಾಡಿದ್ದಾರೆ" ಅಂತ ವಾರ್ತೆ ಓದಿದಂಗ ಹೇಳ್ತಾರ. ಮತ್ತ ಒಂದು, ಡ್ರ್ಯಾಗ್ ಫ್ಲಿಕ್, ಪೆನಾಲ್ಟಿ ಕಾರ್ನರ್, ಡಿ, ಟ್ಯಾಕಲ್, ಇವಕ್ಕ ಹೊಸಾ ಕನ್ನಡ ಹುಡುಕಲಾಕ ಹೋಗಬ್ಯಾಡ್ರಿ, ಆಡೋ ಹುಡುಗರು ಏನಂತಾರೋ ಅದೇ ಅನ್ರಿ.

ಧ್ವನಿ ಏರ್ಸೋದಕ್ಕ ಕೆನಡಾದ ಬಾಬ್ ಕೋಲ್ ಅವ್ರನ್ನ ಕೇಳ್ರಿ. 1969ರಿಂದ 2019ರ ತನಕ ಹೇಳಿದ್ರು, 2024ರಾಗ ತೀರ್ಕೊಂಡ್ರು. ಅವ್ರ ಬಗ್ಗಿ ಫ್ಯಾನ್ಸ್ ಹೇಳೋ ಮಾತೇ ಇದು, ಪರದಾ ನೋಡ್ಲಿಲ್ಲಂದ್ರೂ ಧ್ವನಿ ಮ್ಯಾಲೇ ಪಕ್ ಗೋಲ್ ಹತ್ರ ಬಂತೋ ಇಲ್ಲೋ ತಿಳೀತಿತ್ತು. ನೀವೂ ಮೂರು ಮೆಟ್ಟಲು ಇಟ್ಕೊಳ್ರಿ. ಬಾಲ್ ತಮ್ಮ ಅರ್ಧದಾಗ ಇದ್ದಾಗ ಮನಿಯಾಗ ಮಾತಾಡೋ ಧ್ವನಿ. 23 ಮೀಟರ್ ಗೆರಿ ದಾಟಿದ್ ಕೂಡ್ಲೇ ಒಂದು ಮೆಟ್ಟಲು ಮ್ಯಾಲ. ಡಿ ಒಳಗ ಹೊಕ್ಕಾಗ ಕಡೀ ಮೆಟ್ಟಲು. ಶುರುವಿನಾಗೇ ಕಡೀ ಮೆಟ್ಟಲ ಮ್ಯಾಲ ನಿಂತಾಂವ ಗೋಲ್ ಆದಾಗ ಎಲ್ಲಿಗಿ ಏರ್ತಾನ? ಟಿವಿದಾಗ ಮ್ಯಾಚ್ ತುಂಬಾ ಒದರೋ ಮಂದಿಗಿ ಬೈಸ್ಕೊಳ್ಲಾಕ ಇದೇ ಕಾರಣ, ಸುಮ್ಮ ಬಾಲ್ ಸೈಡ್‌ಲೈನ್ ದಾಟಿದ್ರೂ ವರ್ಲ್ಡ್ ಕಪ್ ಗೆದ್ದಂಗ ಒದರಿರ್ತಾರ.

ಪೆನಾಲ್ಟಿ ಕಾರ್ನರ್ ಬಂದಾಗ

ಕಾಮೆಂಟೇಟರ್ ಹಾಕಿ ತಿಳಕೊಂಡಾನೋ ಇಲ್ಲೋ ಅಂತ ಗೊತ್ತಾಗೋದೇ ಇಲ್ಲಿ. ಇದಕ್ಕ ಸ್ವಲ್ಪ ಟೈಮ್ ಕೊಟ್ಟು ಕಲೀರಿ.

ಸೀಟಿ ಊದಿದ್ ಕೂಡ್ಲೇ ಮೊದಲ ಕೆಲಸ, ಯಾಕ ಕೊಟ್ರು ಅಂತ ಒಂದೇ ಮಾತಿನಾಗ ಹೇಳೋದು. ಡಿ ಒಳಗ ಡಿಫೆಂಡರ್ ಕಾಲಿಗಿ ಬಾಲ್ ಬಡೀತು, ಇಲ್ಲಾ ಡಿ ಒಳಗ ಸ್ಟಿಕ್ ಮ್ಯಾಲ ಹೊಡ್ದ್ರು, ಇಲ್ಲಾ ಬೇಕಂತೇ ಬಾಲ್ ಹಿಂದಿನ ಗೆರಿ ದಾಟ್ಸಿದ್ರು. ದೊಡ್ಡ ಟೂರ್ನಮೆಂಟ್‌ದಾಗ ತಯಾರಾಗ್ಲಾಕ 40 ಸೆಕೆಂಡ್ ಗಡಿಯಾರ ನಿಲ್ಲಸ್ತಾರ, ಆ 40 ಸೆಕೆಂಡ್ ನಿಮ್ಮದು, ಮಂದಿಗಿ ಚಿತ್ರ ಕಟ್ಟಿ ಕೊಡ್ರಿ. ಗೋಲ್ ಕೀಪರ್ ಸೇರಿ ಐದು ಮಂದಿ ಹಿಂದಿನ ಗೆರಿ ಮ್ಯಾಲ, ಉಳದವ್ರು ನಡುವಿನ ಗೆರಿ ಆಚಿ. ಒಬ್ಬ ಹಿಂದಿನ ಗೆರಿ ಮ್ಯಾಲಿಂದ ಬಾಲ್ ಒಳಗ ದೂಡಾಂವ, ಡಿ ನೆತ್ತಿ ಮ್ಯಾಲ ಒಬ್ಬ ತಡಿಯಾಂವ, ಒಬ್ಬ ಹೊಡಿಯಾಂವ. ಯಾರ್ ಹೊಡೀಬಹುದು ಅಂತ ಒಂದು ಅಂದಾಜು ಹೇಳ್ರಿ, ಫ್ಯಾನ್ಸ್‌ಗಿ ಇದು ಭಾಳ ಸೇರ್ತದ, ಅವ್ರೂ ಮನಸಿನಾಗ ಅದೇ ಲೆಕ್ಕ ಹಾಕ್ಲಾಕತ್ತಿರ್ತಾರ.

ಬಾಲ್ ಒಳಗ ಬಂತಂದ್ರ ಮಾತು ಸಣ್ಣ ಮಾಡ್ರಿ. "ದೂಡ್ದಾ... ತಡದಾ... ಫ್ಲಿಕ್..." ಮುಗೀತು. ಇದಕ್ಕಿಂತ ಉದ್ದ ಏನ್ ಹೇಳಿದ್ರೂ ಬಾಲ್ ನಿಮ್ಮಕಿಂತ ಮೊದಲು ಗೋಲ್ ಮುಟ್ಟಿರ್ತದ. 1923ರಾಗ ಟೊರಾಂಟೋದಾಗ ಫಾಸ್ಟರ್ ಹ್ಯೂಯಿಟ್ ಅಂತ ಒಬ್ರು ರೇಡಿಯೋದಾಗ ಐಸ್ ಹಾಕಿ ಹೇಳ್ಲಾಕ ಶುರು ಮಾಡಿದ್ರು, ಅವ್ರ "ಹಿ ಶೂಟ್ಸ್, ಹಿ ಸ್ಕೋರ್ಸ್" ಅನ್ನೋದು ನೂರು ವರ್ಷ ಆದ್ರೂ ಕೆನಡಾದ ಹುಡುಗರ ಬಾಯಾಗ ಅದ. ಎರಡೇ ಏಟಿನ ಮಾತು. ನಮಗೂ ಅಂಥಾದ್ದೇ ಸಾಕು, "ಹೊಡ್ದಾ... ಗೋಲ್!"

ನಿಯಮ ಎರಡು ಪಕ್ಕಾ ಗೊತ್ತಿರ್ಬೇಕು. ಪೆನಾಲ್ಟಿ ಕಾರ್ನರ್‌ದಾಗ ಬಾಲ್ ಡಿ ಹೊರಗ ಬಂದು ಹೊಳ್ಳಿ ಒಳಗ ಹೋದ ಮ್ಯಾಲೇ ಗೋಲ್ ಹೊಡೀಲಾಕ ಬರ್ತದ. ಮೊದಲ ಹೊಡ್ತ ಬೀಸಿ ಹೊಡ್ದಿದ್ರ ಬಾಲ್ ಗೋಲ್ ಗೆರಿ ದಾಟುವಾಗ 460 ಮಿಲಿಮೀಟರ್‌ಕಿಂತ ಮ್ಯಾಲ ಇರಬಾರ್ದು, ಅಂದ್ರ ಗೋಲಿನ ಕೆಳಗಿನ ಹಲಗಿ ಎತ್ತರ. ಫ್ಲಿಕ್ ಮಾಡಿದ್ರ, ಅಂದ್ರ ಬೀಸದೇ ಬಾಲ್ ಸ್ಟಿಕ್ಕಿಗಿ ಹಚ್ಚಿ ಎತ್ತಿ ಒಗದ್ರ, ಈ ಲೆಕ್ಕ ಇಲ್ಲ, ಮ್ಯಾಲ ಹೋಗ್ಬಹುದು, ಅದಕ್ಕೇ ಎಲ್ರೂ ಡ್ರ್ಯಾಗ್ ಫ್ಲಿಕ್ ಹಿಂದ ಬಿದ್ದಾರ. ಇನ್ನೊಂದು, ಇದು ಬರೇ ಕಾರ್ನರಿಗಿ ಅಲ್ಲ, ಪೂರಾ ಆಟಕ್ಕ: ಡಿ ಹೊರಗಿಂದ ಹೊಡ್ದ ಬಾಲ್ ಒಳಗ ಯಾವ ಅಟ್ಯಾಕರ್ ಸ್ಟಿಕ್ಕಿಗೂ ತಾಗದ ಸೀದಾ ಗೋಲ್‌ದಾಗ ಹೋದ್ರ ಗೋಲ್ ಅಲ್ಲ. ನಮ್ಮ ಕ್ರಿಕೆಟ್ ದೋಸ್ತ್ ಅದಕ್ಕೂ ಗೋಲ್ ಗೋಲ್ ಅಂತ ಒದರಿ, ಬ್ಯಾಂಡ್ ಬಾರಸ್ಲಾಕ ಹಚ್ಚಿ, ಆಮ್ಯಾಲ ಅಂಪೈರ್ ಕೈ ಆಡ್ಸಿದ್ದು ನೋಡಿ ಸುಮ್ಮ ಆಗ್ತಾನ. ಬಾಲ್ ಒಳಗ ಹೋದ್ರೂ ಒಂದು ಕ್ಷಣ ಅಂಪೈರ್ ಕೈ ನೋಡ್ರಿ, ಆಮ್ಯಾಲ ಒದರ್ರಿ.

ಟೋಕಿಯೋ ಒಲಿಂಪಿಕ್ಸ್ ಕಂಚಿನ ಮ್ಯಾಚ್, 2021ರ ಆಗಸ್ಟ್ 5. ಜರ್ಮನಿ ಎದುರಿಗಿ 1-3 ಹಿಂದ ಇದ್ದು 5-4ಕ್ಕ ಬಂದೀವಿ, ಬರೇ 6 ಸೆಕೆಂಡ್ ಉಳದದ, ಜರ್ಮನಿಗಿ ಪೆನಾಲ್ಟಿ ಕಾರ್ನರ್. ಸಿಕ್ರ ಆ ವಿಡಿಯೋ ತಗದು ಸೌಂಡ್ ಬಂದ್ ಮಾಡಿ ನೀವೇ ಹೇಳ್ರಿ. ಟೈಮ್ ಮುಗದ್ರೂ ಕಾರ್ನರ್ ಪೂರಾ ಆಗೋತನ ಆಟ ಮುಗಿಯಂಗಿಲ್ಲ ಅನ್ನೋದನ್ನ ಮೊದಲೇ ಹೇಳಿಟ್ರಿ? ನಮ್ಮ ಕೀಪರ್ ಶ್ರೀಜೇಶ್ ತಡದ ಮ್ಯಾಲ ಬಾಲ್ ಎಲ್ಲಿ ಹೋತು ಅಂತ ಹೇಳಿದ್ರಿ? ಎರಡೂ ಹೇಳಿದ್ರ ನಿಮ್ಮ ಕೈಗಿ ಮೈಕ್ ಕೊಡ್ಬಹುದು.

ಬಾಯಿ ಬಂದ್ ಮಾಡೋದೂ ಕಲೀರಿ

ಗೋಲ್ ಆದ ಮ್ಯಾಲ ಹೆಸರು ಹೇಳ್ರಿ, ಸ್ಕೋರ್ ಹೇಳ್ರಿ, ಆಮ್ಯಾಲ ಮಂದಿ ಒದರೋದು ಮೈಕಿಗಿ ಕೇಳ್ಲಾಕ ಬಿಡ್ರಿ. ಟಿವಿದಾಗ ಬೇಕಾರ್ ಅನ್ನಿಸ್ಕೊಂಡವ್ರು ಇಲ್ಲೇ ಜಾರ್ತಾರ, 10 ಸೆಕೆಂಡ್ ಸುಮ್ಮ ಇರೋದ್ ಅವ್ರಿಗಿ ಆಗಂಗಿಲ್ಲ.

ಅಳೋದು, ಖುಷಿಗಿ ಧ್ವನಿ ಕಟ್ಟೋದು ತಪ್ಪಂತ ನಾ ಅನ್ನಂಗಿಲ್ಲ. ಟೋಕಿಯೋದಾಗೇ ಆಗಸ್ಟ್ 2ರಂದು ನಮ್ಮ ಹುಡುಗಿಯರು ಆಸ್ಟ್ರೇಲಿಯಾಕ್ಕ 1-0 ಸೋಲಿಸಿ ಮೊದಲ ಸಲ ಒಲಿಂಪಿಕ್ಸ್ ಸೆಮಿಫೈನಲ್ ಮುಟ್ಟಿದ್ರಲ್ಲ, ಗುರ್ಜಿತ್ ಕೌರ್ ಗೋಲ್, ಹಿಂದ ಸವಿತಾ ಪೂನಿಯಾ ಗ್ವಾಡಿ ನಿಂತಂಗ ನಿಂತಿದ್ಲು, ಆಗ ಹಿಂದಿ ಕಾಮೆಂಟ್ರಿ ಹೇಳೋ ಸುನಿಲ್ ತನೇಜಾ ಮತ್ತ ಸಿದ್ಧಾರ್ಥ್ ಪಾಂಡೆ ಮೈಕ್ ಮುಂದೇ ಅತ್ತುಬಿಟ್ರು, ಆ ವಿಡಿಯೋ ದೇಶ ತುಂಬಾ ಓಡ್ತು. ಕೆಲವ್ರು ಇದೇನ್ ನಾಟಕ ಅನ್ನಬಹುದು, ನನಗಂತೂ ಅದು ಬರೋಬ್ಬರಿ ಅನ್ಸತದ, ಯಾಕಂದ್ರ ಅತ್ತದ್ದು ಕಡೀ ಸೀಟಿ ಊದಿದ ಮ್ಯಾಲ. ಆಟ ನಡದಾಗ ಬಾಲ್ ಬಿಟ್ಟು ತನ್ನ ಭಾವನೆ ಹೇಳ್ಕೋತ ಕುಂತಿದ್ರ ನಾನೇ ಸೌಂಡ್ ಬಂದ್ ಮಾಡ್ತಿದ್ದೆ.

ಯಾರ ಕಡಿ ಅದೀರಿ ಅಂತ ತಿಳೀಬಾರ್ದು, ಕಮ್ಮಿ ಅಂದ್ರ ಮೈಕಿನಾಗ

ಅಮೆರಿಕಾದ ಬೋಸ್ಟನ್ ಐಸ್ ಹಾಕಿ ಟೀಮಿನ ಮ್ಯಾಚ್ ಹೇಳ್ತಿದ್ದ ಜ್ಯಾಕ್ ಎಡ್ವರ್ಡ್ಸ್ ಅಂತ ಒಬ್ರು, 2024ರಾಗ ಬಿಟ್ರು. ಬೋಸ್ಟನ್‌ದವ್ರಿಗಿ ಜೀವ, ಬ್ಯಾರೇ ಊರಿನ ಫ್ಯಾನ್ಸ್‌ಗಿ ಎಲ್ಲಾದ್ರಕಿಂತ ಕೆಟ್ಟ ಕಾಮೆಂಟೇಟರ್ ಯಾರಂದ್ರ ಇವ್ರದೇ ಹೆಸರು. ಒಬ್ರೇ ಮನುಷ್ಯ, ಎರಡೂ ಪಟ್ಟಿದಾಗ ಮ್ಯಾಲೇ ಅದಾರ! ಅಲ್ಲಿ ಒಂದೊಂದು ಟೀಮಿಗಿ ಒಂದೊಂದು ಚಾನೆಲ್ ಇರ್ತದ, ಕೇಳೋರು ತಮ್ಮೂರವ್ರೇ, ಅದಕ್ಕ ನಡೀತದ. ಭಾರತದ ಮ್ಯಾಚಿಗಿ ನಮ್ಮ ಚಾನೆಲ್‌ದವ್ರು ಭಾರತದ ಕಡಿ ವಾಲಿದ್ರೂ ಯಾರೂ ಬ್ಯಾಡ ಅನ್ನಂಗಿಲ್ಲ.

ನಿಮ್ಮ ಮೈಕ್ ಹಂಗಲ್ಲ. ಮೈದಾನದಾಗ ಕಲಬುರಗಿ ಹುಡುಗರೂ ಅದಾರ, ಬೀದರ್ ಹುಡುಗರೂ ಅದಾರ, ಇಬ್ರ ಕಡಿ ಮಂದಿನೂ ಬಂದಾರ, ಬೀದರ್‌ದವ್ರು ಬಸ್ ಮಾಡ್ಕೊಂಡು ಬಂದಾರ. "ನಮ್ಮ ಹುಡುಗರು" ಅನ್ನೋ ಮಾತು ಒಂದು ಸಲ ಬಾಯಿಂದ ಬಿತ್ತಂದ್ರ ಮುಗೀತು, ಆಮ್ಯಾಲ ಅಂಪೈರ್ ಏನ್ ಕೊಟ್ರೂ ಮಂದಿ ನಿಮ್ಮ ಮ್ಯಾಲೇ ಬರ್ತಾರ. ಅಂಪೈರ್ ತೀರ್ಪಿನ ಮ್ಯಾಲಂತೂ ಮೈಕಿನಾಗ ಟೀಕಾ ಮಾಡ್ಲೇಬ್ಯಾಡ್ರಿ, ಟಿವಿದಾಗ ರೀಪ್ಲೇ ನಾಕು ಕಡಿಯಿಂದ ನೋಡಿ ಮಾತಾಡ್ತಾರ, ನಿಮ್ಮ ಹತ್ರ ಇರೋದು ಒಂದು ಕುರ್ಚಿ, ಒಂದು ಬಾಜೂ. ಏನ್ ಕೊಟ್ರು, ಅದರ ಅರ್ಥ ಏನು, ಅಷ್ಟೇ ಹೇಳ್ರಿ. ಹಸರು ಕಾರ್ಡ್ ಅಂದ್ರ 2 ನಿಮಿಷ ಹೊರಗ, ಹಳದಿ ಅಂದ್ರ ಕಮ್ಮೀತಕಮ್ಮಿ 5 ನಿಮಿಷ, ಕೆಂಪು ಅಂದ್ರ ಆ ಮ್ಯಾಚ್ ಅವನಿಗಿ ಮುಗೀತು, ಟೀಮ್ ಒಬ್ಬ ಕಮ್ಮಿನೇ ಆಡ್ಬೇಕು. 2024ರ ಪ್ಯಾರಿಸ್ ಕ್ವಾರ್ಟರ್ ಫೈನಲ್‌ದಾಗ ಅಮಿತ್ ರೋಹಿದಾಸ್‌ಗಿ 17ನೇ ನಿಮಿಷದಾಗ ಕೆಂಪು ಕಾರ್ಡ್ ಬಂತು, ಉಳದ ಮ್ಯಾಚ್ ಪೂರಾ 10 ಮಂದಿ ಆಡಿ ಬ್ರಿಟನ್ ಜೊತಿ 1-1 ಹಿಡದು ಶೂಟೌಟ್‌ದಾಗ 4-2 ಗೆದ್ರು. ಅವತ್ತು ಎಷ್ಟೋ ಮನ್ಯಾಗ ಹಾಕಿ ಗೊತ್ತಿರದವ್ರೂ ಕುಂತು ನೋಡ್ಲಾಕತ್ತಿದ್ರು, ಅಂಥವ್ರಿಗಿ ಬೇಕಾಗಿದ್ದು ಕಾರ್ಡ್ ಅಂದ್ರ ಏನು, ಈಗ ಹತ್ತೇ ಮಂದಿ ಯಾಕ, ಶೂಟೌಟ್‌ದಾಗ 8 ಸೆಕೆಂಡ್ ಯಾಕ ಎಣಸ್ತಾರ ಅನ್ನೋದು. ನಿಮ್ಮ ಮೈದಾನದಾಗೂ ಅರ್ಧ ಮಂದಿ ಅಂಥವ್ರೇ.

ಬಾಜೂದಾಗ ಒಬ್ಬ ಆಡಿದವನ್ನ ಕೂಡಿಸ್ಕೊಳ್ರಿ

ಟಿವಿದಾಗ ಇಬ್ರು ಇರ್ತಾರ, ಒಬ್ಬ ಆಟ ಹೇಳಾಂವ, ಒಬ್ಬ ಆಟ ಬಿಡಿಸಿ ಹೇಳಾಂವ. ಎರಡನೇದವ್ರು ಆಡಿ ಬಂದವ್ರಿದ್ರ ಚೊಲೊ, ನಮ್ಮ ಜಗ್ಬೀರ್ ಸಿಂಗ್, ವಿರೇನ್ ರಸ್ಕಿನ್ಹಾ ಅಂಥವ್ರು, ಬ್ರಿಟನ್‌ದ ಸೈಮನ್ ಮೇಸನ್ ಅಂತೂ ಗೋಲ್ ಕೀಪರ್ ಇದ್ದವ್ರು, ಕೀಪರ್ ಯಾಕ ಮುಂದ ಬಂದ ಯಾಕ ಬರ್ಲಿಲ್ಲ ಅನ್ನೋದು ಕೀಪರಿಗೇ ಗೊತ್ತು. ನಿಮ್ಮೂರಾಗ ಹಳೇ ಪ್ಲೇಯರ್ ಒಬ್ರು ಇದ್ದೇ ಇರ್ತಾರ, ಕಾಕಾ ಬರ್ರಿ ಅಂತ ಗೌರವದಿಂದ ಕರದು ಕೂಡಸ್ರಿ. ಆದ್ರ ಒಪ್ಪಂದ ಮೊದಲೇ ಆಗ್ಲಿ: ಬಾಲ್ ಓಡ್ಲಾಕತ್ತಾಗ ಕಾಕಾ ಸುಮ್ಮ, ಸೀಟಿ ಊದಿದಾಗ ಕಾಕಾ ಮಾತು. ಇಲ್ಲಂದ್ರ ಅವ್ರು 1980ರ ಮಾಸ್ಕೋ ಬಂಗಾರದಿಂದ ಶುರು ಮಾಡಿದ್ರ ಕಡೀ ಸೀಟಿ ತನಕ ಮುಗಿಯಂಗಿಲ್ಲ.

ಗೊತ್ತಿದ್ದದ್ದೆಲ್ಲಾ ಸುರಿಯೋದೂ ಒಂದು ರೋಗ. ಅಮೆರಿಕಾದ ಟಿವಿದಾಗ 2021ರ ತನಕ ಪಿಯರ್ ಮೆಗ್ವೈರ್ ಅಂತ ಒಬ್ರಿದ್ರು, ಐಸ್ ಹಾಕಿ ಜ್ಞಾನ ಅಂದ್ರ ಖಜಾನಾ, ಆದ್ರ ಹುಡುಗ ಯಾವ ಊರಾಗ ಹುಟ್ಟಿದ, ಜೂನಿಯರ್ ಇದ್ದಾಗ ಯಾವ ಟೀಮಿಗಿ ಆಡಿದ ಅಂತ ಆಟದ ನಡುವೇ ಹೇಳ್ತಿದ್ರಂತ ಫ್ಯಾನ್ಸ್ ಅವ್ರನ್ನ ಬಿಡ್ಲಿಲ್ಲ. ಒಬ್ಬ ಆಟಗಾರನಿಗಿ ಒಂದೇ ಮಾಹಿತಿ, ಅದೂ ಬಾಲ್ ಹೊರಗ ಹೋದಾಗ.

ನಮ್ಮ ಭಾಷಾದಾಗ ಹೇಳಿದ್ರ ನಡೀತದೇನು ಅನ್ನೋರಿಗಿ

ಕ್ರಿಕೆಟಿಗಿ, ಕಬಡ್ಡಿಗಿ ಟಿವಿದಾಗ ಕನ್ನಡ ಬರ್ತದ, ಹಾಕಿ ಅಂದ್ರ ನಾವು ಹಿಂದಿ ಇಂಗ್ಲಿಷೇ ಕೇಳ್ಕೋತ ಬಂದೀವಿ, ಅದಕ್ಕ ಹುಡುಗರು ಮೈಕ್ ಹಿಡದ್ರ ಹಿಂದಿದಾಗ ಹೇಳ್ಲಾ ಅಂತ ಕೇಳ್ತಾರ. ಅವ್ರಿಗಿ ಹರ್‌ನಾರಾಯಣ್ ಸಿಂಗ್ ಕತಿ ಹೇಳ್ರಿ. ಕೆನಡಾದಾಗ 2008ರಿಂದ ಐಸ್ ಹಾಕಿಗಿ ಪಂಜಾಬಿ ಕಾಮೆಂಟ್ರಿ ಬರ್ತದ. 2016ರ ಸ್ಟ್ಯಾನ್ಲಿ ಕಪ್, ಅಂದ್ರ ಅಲ್ಲಿನ ಐಸ್ ಹಾಕಿದ ದೊಡ್ಡ ಕಪ್, ಅದರ ಫೈನಲ್ ಮೊದಲ ಮ್ಯಾಚ್, ಪಿಟ್ಸ್‌ಬರ್ಗ್ ಟೀಮಿನ ನಿಕ್ ಬೊನಿನೊ ಕಡೀ ನಿಮಿಷಗಳಾಗ ಗೋಲ್ ಹೊಡ್ದ, ಹರ್‌ನಾರಾಯಣ್ ಬೊನಿನೊ ಬೊನಿನೊ ಬೊನಿನೊ ಅಂತ ಉಸಿರು ಬಿಡದಂಗ ಹೆಸರು ಒದರಿದ್ರು. ಪಂಜಾಬಿ ಒಂದಕ್ಷರ ಬರದ ಪಿಟ್ಸ್‌ಬರ್ಗ್ ಮಂದಿ ಅದನ್ನ ಹುಚ್ಚೆದ್ದು ಕೇಳಿದ್ರು, ಕಪ್ ಗೆದ್ದ ಮ್ಯಾಲ ಆ ಪಂಜಾಬಿ ತಂಡಕ್ಕ ಸಂಭ್ರಮಕ್ಕ ಕರೆಸ್ಕೊಂಡ್ರು. ಬೀದರ್‌ದಾಗ ಗುರುನಾನಕ್ ಝೀರಾ ಕಡಿ ಇರೋ ಸರ್ದಾರ್ ದೋಸ್ತರು ಯಾರರ ಇದ್ರ ಅವ್ರನ್ನ ಕೂಡಿಸ್ಕೊಂಡು ಆ ವಿಡಿಯೋ ನೋಡ್ರಿ, ಮಜಾ ದುಪ್ಪಟ್ಟು.

ನಮ್ಮ ಕಡಿ ಮಾತು ನಮ್ಮ ಕಡಿ ಹಂಗೇ ಹೇಳ್ರಿ. ನಡುವ ಉರ್ದು ಬಂದ್ರ ಬರ್ಲಿ, ಮರಾಠಿ ತೆಲುಗು ತುಣುಕು ಬಂದ್ರ ಬರ್ಲಿ, ಕೇಳೋ ಮಂದಿನೂ ಹಂಗೇ ಮಾತಾಡ್ತಾರ. ಬೆಂಗಳೂರು ಟಿವಿ ಕನ್ನಡ ತಂದು ಹಾಕ್ಲಾಕ ಹೋದ್ರ ಬಾಲ್ ಓಡಿದಷ್ಟು ಜಲ್ದಿ ಬಾಯಿ ಓಡಂಗಿಲ್ಲ.

ಉಳದ ಸಣ್ಣಪುಟ್ಟ

ಅತಿಥಿಗಳ ವಿಷಯ. ಮ್ಯಾಚ್ ನಡು ಸಾಹೇಬ್ರು ಕಾರ್ ಇಳೀತಾರ, ಕೂಡ್ಲೇ ಯಾರರ ಬಂದು ಚೀಟಿ ಕೊಡ್ತಾರ, ಸ್ವಾಗತ ಹೇಳು ಅಂತ. ಅದೇ ಟೈಮಿಗಿ ಪೆನಾಲ್ಟಿ ಕಾರ್ನರ್ ಬಂದಿರ್ತದ. ಆಯೋಜಕರ ಜೊತಿ ಮುಂಜಾನೇನೇ ಮಾತಾಡ್ಕೊಳ್ರಿ, ಸ್ವಾಗತ, ಶಾಲು, ಸ್ಪಾನ್ಸರ್ ಹೆಸರು, ಊಟದ ಕೂಪನ್, ಕಳದ ಬೈಕ್ ಚಾವಿ, ಎಲ್ಲಾ ಕ್ವಾರ್ಟರ್ ನಡುವ ಇಲ್ಲಾ ಹಾಫ್ ಟೈಮಿಗಿ. ಸಾಹೇಬ್ರಿಗೂ ಆಗ ಪೂರಾ ಚಪ್ಪಾಳಿ ಸಿಗ್ತದ, ಆಟದ ನಡುವ ಹೇಳಿದ್ರ ಯಾರೂ ಹೊಳ್ಳಿನೂ ನೋಡಂಗಿಲ್ಲ.

ನೀರು ಬಾಟ್ಲಿ ಇಟ್ಕೊಳ್ರಿ, ಫ್ರಿಜ್ ನೀರು ಬ್ಯಾಡ, ಗಂಟಲು ಕಟ್ತದ. ಮಿರ್ಚಿ ಭಜಿ ಮ್ಯಾಚ್ ಮುಗದ ಮ್ಯಾಲ. ಗಾಳಿ ಬೀಸೋ ಕಡಿ ಮೈಕ್ ಹಿಡದ್ರ ಬರೇ ಗರ್‌ಗರ್ ಅಂತದ, ಬೆನ್ನು ಗಾಳಿಗಿ ಮಾಡ್ರಿ, ಮೈಕ್ ಮ್ಯಾಲ ಕರ್ಚೀಪ್ ಸುತ್ರಿ. ಕರೆಂಟ್ ಹೋದ್ರ ಸುಮ್ಮ ಕೂಡಬ್ಯಾಡ್ರಿ, ಗೋಲ್ ಯಾರ್ ಹಾಕಿದ್ರು, ಎಷ್ಟನೇ ನಿಮಿಷ ಅಂತ ಚೀಟಿ ಮ್ಯಾಲ ಬರಕೋತ ಹೋಗ್ರಿ, ಕರೆಂಟ್ ಬಂದ್ ಕೂಡ್ಲೇ ಮೊದಲು ಸ್ಕೋರ್, ಆಮ್ಯಾಲ ಏನಾತು ಅಂತ. ಕರೆಂಟ್ ಇದ್ದಾಗೂ ಸ್ಕೋರ್ ಸಾರಿ ಸಾರಿ ಹೇಳ್ರಿ, ಮಂದಿ ಒಬ್ರ ಹಿಂದ ಒಬ್ರು ಬರ್ತಿರ್ತಾರ, ಬಂದವ್ರ ಮೊದಲ ಪ್ರಶ್ನೆ ಅದೇ.

ಕಡೀ ಸೀಟಿ ಆದ ಮ್ಯಾಲ ಸ್ಕೋರ್, ಗೋಲ್ ಹಾಕಿದವ್ರ ಹೆಸರು, ಎರಡೂ ಕೀಪರ್ ಹೆಸರು, ಮುಂದಿನ ಮ್ಯಾಚ್ ಯಾವಾಗ ಯಾರ ನಡುವ, ಇಷ್ಟು ಹೇಳಿ ಮೈಕ್ ಕೆಳಗ ಇಡ್ರಿ. ಸ್ವಿಚ್ ಬಂದ್ ಆಗೇದೋ ಇಲ್ಲೋ ಎರಡು ಸಲ ನೋಡಿ, ಆಮ್ಯಾಲ ಬೇಕಾದ್ರ ಅಂಪೈರ್ ಬಗ್ಗಿ ಮಾತಾಡ್ರಿ.